170 ಕಿಲೋ ಕಮ್ಮಿ ಇದ್ದ ಕಾರು

ಕಾರಿನ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ 1991ರಲ್ಲಿ ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಮಜ್ದಾ 787ಬಿ ಕಾರಿನ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ‘ಗೆದ್ದಿದ್ದಕ್ಕೇ ಬ್ಯಾನ್ ಮಾಡಿದ್ರು ಕಣೋ!’ ಜಪಾನಿನ ಚಿಕ್ಕ ಕಂಪನಿ, ಯಾರೂ ಬಳಸದ ವಿಚಿತ್ರ ಇಂಜಿನ್ನು, ಯುರೋಪಿನ ದೊಡ್ಡ ದೊಡ್ಡ ಹೆಸರುಗಳನ್ನು ಅವರ ಅಂಗಳದಲ್ಲೇ ಸೋಲಿಸಿತು, ಹೊಟ್ಟೆಕಿಚ್ಚು ತಾಳಲಾರದೆ ಅವರು ಬಾಗಿಲು ಹಾಕಿಬಿಟ್ಟರು. ಕೇಳೋದಕ್ಕೆ ಚೆನ್ನಾಗಿದೆ, ಅಲ್ವಾ? ಬಡವರ ಮಗ ಜಮೀನ್ದಾರನನ್ನು ಸೋಲಿಸುವ ಕಥೆ ನಮಗೆ ಯಾವಾಗಲೂ ಇಷ್ಟ.

ಆದರೆ ನಡೆದದ್ದು ಹಾಗಲ್ಲ. ನಡೆದದ್ದು ಇದಕ್ಕಿಂತ ಸ್ವಾರಸ್ಯವಾಗಿದೆ. ಬ್ಯಾನ್ ಕಥೆ ಹೇಳುವಾಗ ನಿಜವಾದ ಕೆಲಸ ಮಾಡಿದವರೆಲ್ಲ ಬದಿಗೆ ಸರಿದುಹೋಗುತ್ತಾರೆ ಅನ್ನೋದೇ ನನ್ನ ತಕರಾರು.

ಮೊದಲು ಇಂಜಿನ್ ವಿಷಯ. ಅದು ಗೊತ್ತಿಲ್ಲದಿದ್ದರೆ ಈ ಕಾರು ಯಾಕೆ ಹಾಗೆ ಕಿರುಚುತ್ತದೆ ಅನ್ನೋದೂ ಗೊತ್ತಾಗುವುದಿಲ್ಲ. ನಮ್ಮ ಬೈಕು, ಕಾರು, ಬಸ್ಸು ಎಲ್ಲದರಲ್ಲೂ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆ ಓಡಾಟವನ್ನು ಕ್ರ್ಯಾಂಕ್ ತಿರುಗಾಟವಾಗಿ ಬದಲಾಯಿಸುತ್ತದೆ. 787ಬಿಯಲ್ಲಿದ್ದ ರೋಟರಿ ಇಂಜಿನ್ನಿನಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲ. ಉಬ್ಬಿದ ಬದಿಗಳಿರುವ ಒಂದು ಮುಕ್ಕೋನದ ಲೋಹದ ತುಂಡು (ಇದೇ ರೋಟರ್), ನಡು ಸ್ವಲ್ಪ ಒಳಗೆ ಸೆಳೆದ ಮೊಟ್ಟೆಯಾಕಾರದ ಗೂಡೊಳಗೆ ತಿರುಗುತ್ತಿರುತ್ತದೆ. ಒರಳುಕಲ್ಲಿನ ಗುಂಡು ತನ್ನ ಸುತ್ತ ತಾನೂ ತಿರುಗುತ್ತಾ ಕುಳಿಯ ಅಂಚಿಗೂ ಸುತ್ತುಹಾಕುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ಮುಕ್ಕೋನದ ಮೂರು ಬದಿಗೂ ಗೂಡಿನ ಗೋಡೆಗೂ ನಡುವೆ ಮೂರು ಜಾಗ ಆಗುತ್ತವೆ. ಒಂದರಲ್ಲಿ ಗಾಳಿ ಪೆಟ್ರೋಲು ಒಳಗೆ ಬರುತ್ತಿರುವಾಗ ಇನ್ನೊಂದರಲ್ಲಿ ಅದು ಉರಿಯುತ್ತಿರುತ್ತದೆ, ಮತ್ತೊಂದರಲ್ಲಿ ಹೊಗೆ ಹೊರಗೆ ಹೋಗುತ್ತಿರುತ್ತದೆ. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಬಿಡಿ ಭಾಗಗಳು ಕಮ್ಮಿ, ತೂಕ ಕಮ್ಮಿ, ಅಲುಗಾಟವೂ ಕಮ್ಮಿ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ.

ಕಾಗದದ ಮೇಲೆ ಇದು ಅದ್ಭುತ. ಕೈಗೆ ಬಂದಾಗ ಮೂರು ಮೂಲೆಗಳದ್ದೇ ತಲೆನೋವು. ಒಂದು ಜಾಗದ ಅನಿಲ ಪಕ್ಕದ ಜಾಗಕ್ಕೆ ನುಗ್ಗಬಾರದು ಅಂದರೆ ಪ್ರತಿ ಮೂಲೆಯ ತುದಿಯಲ್ಲೂ ಒಂದು ತೆಳ್ಳನೆಯ ಪಟ್ಟಿ ಗೋಡೆಗೆ ಸದಾ ಉಜ್ಜಿಕೊಂಡೇ ಇರಬೇಕು. ಅಪೆಕ್ಸ್ ಸೀಲ್ ಅನ್ನುತ್ತಾರೆ. ನಿಮಿಷಕ್ಕೆ ಸಾವಿರಾರು ಸುತ್ತಿನಲ್ಲಿ, ಬೆಂಕಿಯ ಪಕ್ಕದಲ್ಲಿ, ಬಿಡುವಿಲ್ಲದೆ ಉಜ್ಜಬೇಕು. ಈ ಇಂಜಿನ್ನಿನ ಕಲ್ಪನೆ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರದು. ಹೊಸ ಬಗೆಯ ಇಂಜಿನ್ ಕೊಟ್ಟ ಈ ಮನುಷ್ಯನಿಗೆ ಕಣ್ಣು ಮಂದ, ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ. ಅವರ ಜೊತೆ ಕೆಲಸ ಮಾಡಿದ ಎನ್‌ಎಸ್‌ಯು ಕಂಪನಿ ಆರ್‌ಒ80 ಅನ್ನೋ ಚಂದದ ಕಾರಿಗೆ ಈ ಇಂಜಿನ್ ಹಾಕಿತು. ಕೆಟ್ಟುಹೋದ ಇಂಜಿನ್ನುಗಳನ್ನು ವಾರಂಟಿಯಲ್ಲಿ ಬದಲಾಯಿಸಿಕೊಟ್ಟೇ ಸುಸ್ತಾಯಿತು. ಕೊನೆಗೆ ಫೋಕ್ಸ್‌ವ್ಯಾಗನ್ ಗುಂಪಿನೊಳಗೆ ಸೇರಿಹೋಯಿತು.

ಲೈಸೆನ್ಸ್ ಕೊಂಡವರಲ್ಲಿ ಹಿರೋಶಿಮಾದ ತೋಯೋ ಕೋಗ್ಯೋ ಕೂಡ ಒಂದು. ಅದೇ ಮುಂದೆ ಮಜ್ದಾ ಆದದ್ದು. 1920ರಲ್ಲಿ ಕಾರ್ಕ್ ಮಾಡುವ ಕಂಪನಿಯಾಗಿ ಹುಟ್ಟಿ, ಮೂರು ಚಕ್ರದ ಗೂಡ್ಸ್ ಗಾಡಿ ಮಾಡಿಕೊಂಡು ಬೆಳೆದದ್ದು. 1945ರ ಆಗಸ್ಟಿನಲ್ಲಿ ಬಾಂಬ್ ಬಿದ್ದಾಗ ಕಾರ್ಖಾನೆಗೂ ಊರಿನ ನಡುಭಾಗಕ್ಕೂ ಮಧ್ಯೆ ಒಂದು ಗುಡ್ಡ ಇದ್ದದ್ದರಿಂದ ಕಟ್ಟಡಗಳು ಉಳಿದುಕೊಂಡವು. 1961ರಲ್ಲಿ ಎನ್‌ಎಸ್‌ಯು ಜೊತೆ ಒಪ್ಪಂದ ಆಯಿತು. ಕೆನಿಚಿ ಯಾಮಾಮೋತೋ ಅನ್ನೋ ಇಂಜಿನಿಯರ್ ಕೈಕೆಳಗೆ 47 ಜನರ ತಂಡ ಕಟ್ಟಿದರು. ಜಪಾನಿನ ಹಳೆಯ ಕಥೆಯೊಂದರಲ್ಲಿ ಒಡೆಯನನ್ನು ಕಳೆದುಕೊಂಡ 47 ಸಮುರಾಯ್‌ಗಳು ಬರುತ್ತಾರೆ, ಹಾಗಾಗಿ ಇವರಿಗೂ ಆ ಹೆಸರೇ ಅಂಟಿಕೊಂಡಿತು. ಅವರ ಮುಂದಿದ್ದ ಮೊದಲ ಸಮಸ್ಯೆ, ಸ್ವಲ್ಪ ಹೊತ್ತು ಓಡಿಸಿದ ಕೂಡಲೇ ಗೂಡಿನ ಒಳಗೋಡೆಯ ಮೇಲೆ ಸಾಲಾಗಿ ಬೀಳುತ್ತಿದ್ದ ಗೀರುಗಳು. ‘ದೆವ್ವದ ಉಗುರಿನ ಗೀರು’ ಅನ್ನುತ್ತಿದ್ದರಂತೆ. ಸೀಲ್ ಗೋಡೆಯ ಮೇಲೆ ನಯವಾಗಿ ಜಾರದೆ ನಡುಗುತ್ತಾ ಕುಪ್ಪಳಿಸುತ್ತಿತ್ತು. ಸೀಲಿನೊಳಗೆ ತೂತು ಕೊರೆದು ಅದು ನಡುಗುವ ರೀತಿಯನ್ನೇ ಬದಲಿಸಿ ನೋಡಿದರು. ಆಮೇಲೆ ಕಾರ್ಬನ್ನಿಗೆ ಅಲ್ಯೂಮಿನಿಯಂ ಸೇರಿಸಿದ ಸೀಲ್ ಮಾಡಿದರು. 1967ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರು ಮಾರುಕಟ್ಟೆಗೆ ಬಂತು.

ಬಂದ ಮರುವರ್ಷವೇ ಅದನ್ನು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಡೆಯುತ್ತಿದ್ದ 84 ಗಂಟೆಯ ರೇಸಿಗೆ ಕಳಿಸಿದರು. ಮೂರೂವರೆ ದಿನ! ಒಂದು ಕಾರು ಕೆಟ್ಟು ನಿಂತಿತು. ಇನ್ನೊಂದು ನಾಲ್ಕನೇ ಸ್ಥಾನ ಪಡೆಯಿತು. ಇಂಜಿನ್ ಬಾಳಿಕೆ ಬರುವುದಿಲ್ಲ ಅಂತ ಊರೆಲ್ಲ ಆಡಿಕೊಳ್ಳುತ್ತಿರುವಾಗ ಮಜ್ದಾ ಉತ್ತರ ಕೊಟ್ಟದ್ದು ಹೀಗೆ. ಆಮೇಲಿನ ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಅವರು ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ.

ಫ್ರಾನ್ಸಿನ ಲ ಮಾನ್ ಊರಿನಲ್ಲಿ ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ನಡೆಯುವ 24 ಗಂಟೆಯ ರೇಸ್ ಗೊತ್ತಿರಬೇಕಲ್ಲ. ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಮಧ್ಯಾಹ್ನದವರೆಗೆ. ಒಂದೇ ಕಾರು, ಸರದಿಯ ಮೇಲೆ ಡ್ರೈವರ್‌ಗಳು. ಯಾರು ಜಾಸ್ತಿ ದೂರ ಹೋದರೋ ಅವರು ಗೆದ್ದರು. 1970ರಲ್ಲಿ ಬೆಲ್ಜಿಯಂನ ಒಂದು ತಂಡ ಷೆವ್ರಾನ್ ಕಾರಿಗೆ ಮಜ್ದಾ ರೋಟರಿ ಹಾಕಿಕೊಂಡು ಬಂದು ಅರ್ಧಕ್ಕೇ ನಿಂತಿತು. 1973ರಲ್ಲಿ ಜಪಾನಿನ ಸಿಗ್ಮಾ ತಂಡ ಬಂತು. ಅದೂ ಮುಟ್ಟಲಿಲ್ಲ. 1974ರಲ್ಲಿ ಕೊನೆಯವರೆಗೆ ಓಡಿತು, ಆದರೆ ಓಡಿದ ದೂರ ಸಾಲದು ಅಂತ ಫಲಿತಾಂಶದ ಪಟ್ಟಿಗೇ ಸೇರಿಸಲಿಲ್ಲ. ಆ ಕಾರಿನಲ್ಲಿದ್ದ ಒಬ್ಬ ಡ್ರೈವರ್ ಯೋಜಿರೋ ಟೆರಾದಾ. ಈ ಹೆಸರು ನೆನಪಿಟ್ಟುಕೊಳ್ಳಿ.

1979ರಲ್ಲಿ ಆರ್‌ಎಕ್ಸ್-7 ತಗೊಂಡು ಹೋದರು. ಅರ್ಹತಾ ಸುತ್ತಿನಲ್ಲೇ ಹೊರಬಿದ್ದರು. 1982ರಲ್ಲಿ 14ನೇ ಸ್ಥಾನ. 1983ರಲ್ಲಿ 717ಸಿ ಅನ್ನೋ ಪುಟ್ಟ ಕಾರು 12ನೆಯದಾಗಿ ಬಂದು ತನ್ನ ವರ್ಗದಲ್ಲಿ ಗೆದ್ದಿತು. ಆಮೇಲೆ ಎರಡು ರೋಟರ್ ಮೂರಾಯಿತು. 757 ಅನ್ನೋ ಕಾರು 1987ರಲ್ಲಿ ಏಳನೆಯದು. ಮೂರು ನಾಲ್ಕಾಯಿತು, 767ಬಿ ಬಂತು. 1989ರಲ್ಲಿ ಮತ್ತೆ ಏಳು. 1990ರಲ್ಲಿ ಹೊಚ್ಚಹೊಸ 787 ಎರಡು ತಂದರು, ಎರಡೂ ಕೆಟ್ಟು ನಿಂತವು. ವರ್ಷಾ ವರ್ಷಾ ಹೋಗುವುದು, ತಮ್ಮ ಚಿಕ್ಕ ವರ್ಗದಲ್ಲಿ ಒಂದು ಕಪ್ ತರುವುದು, ಮುಂದಿನವರ ಧೂಳು ಕುಡಿಯುವುದು. ದೊಡ್ಡ ತಂಡಗಳಿಗೆ ಇವರನ್ನು ಕಂಡರೆ ಇಷ್ಟವೇ. ಒಳ್ಳೆಯ ಜನ, ಸದ್ದು ಜಾಸ್ತಿ ಮಾಡ್ತಾರೆ, ತೊಂದರೆಯಿಲ್ಲ ಅನ್ನೋ ಥರ. ಹೀಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದೇ ಮುಂದೆ ಅವರಿಗೆ ವರವಾಯಿತು.

ಈಗ ಆ ಬ್ಯಾನ್ ವಿಷಯಕ್ಕೆ ಬರೋಣ.

ಲ ಮಾನ್ ಸೇರಿದಂತೆ ಸ್ಪೋರ್ಟ್ಸ್ ಕಾರುಗಳ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದ್ದದ್ದು ಗ್ರೂಪ್ ಸಿ ನಿಯಮಗಳ ಮೇಲೆ. ಯಾವ ಇಂಜಿನ್ ಬೇಕಾದರೂ ಹಾಕಿಕೋ, ಎಷ್ಟು ದೊಡ್ಡದಾದರೂ ಸರಿ, ಆದರೆ ಇಷ್ಟೇ ಪೆಟ್ರೋಲಿನಲ್ಲಿ ರೇಸ್ ಮುಗಿಸು. ನನಗೆ ಕೇಳಿದರೆ ರೇಸಿಂಗ್ ಲೋಕ ಬರೆದ ಅತ್ಯಂತ ಬುದ್ಧಿವಂತ ನಿಯಮಗಳಲ್ಲಿ ಇದೂ ಒಂದು. ಆದರೆ ಆಡಳಿತ ನಡೆಸುವವರಿಗೆ ಬೇರೆ ಯೋಚನೆ ಬಂದಿತ್ತು. ಫಾರ್ಮುಲಾ ಒನ್‌ನಲ್ಲಿರುವ ಹಾಗೆ 3.5 ಲೀಟರಿನ, ಟರ್ಬೋ ಇಲ್ಲದ ಪಿಸ್ಟನ್ ಇಂಜಿನ್ ಮಾತ್ರ ಸಾಕು ಅಂತ ತೀರ್ಮಾನ ಮಾಡಿದರು. ಇದು 787ಬಿ ಗೆಲ್ಲುವ ಮೊದಲೇ ಆದ ತೀರ್ಮಾನ. 1991ರಲ್ಲಿ ಹೊಸ ಕಾರುಗಳು ಸಾಕಷ್ಟು ಇರಲಿಲ್ಲ. ಅದಕ್ಕೇ ಹಳೆ ಕಾರುಗಳಿಗೂ ಒಂದು ವರ್ಷ ಅವಕಾಶ ಕೊಟ್ಟರು. ಅಂದರೆ ಮಜ್ದಾದವರು 1991ರ ಜೂನಿನಲ್ಲಿ ಲ ಮಾನ್‌ಗೆ ಬಂದಾಗಲೇ ಇದು ಕೊನೆ ಅಂತ ಅವರಿಗೆ ಗೊತ್ತಿತ್ತು. ಮರ್ಸಿಡಿಸ್‌ನ ಟರ್ಬೋ, ಜಾಗ್ವಾರ್‌ನ ದೊಡ್ಡ ವಿ12, ಚಾಂಪಿಯನ್‌ಶಿಪ್‌ನಲ್ಲಿ ಅವಕ್ಕೂ ಅದೇ ಗತಿ. ರೋಟರಿಯೊಂದನ್ನೇ ಹಿಡಿದು ಹೊಡೆದದ್ದಲ್ಲ.

ಇನ್ನೂ ಒಂದು ಇದೆ. 1994ರಲ್ಲಿ ರೋಟರಿ ಇಂಜಿನ್ನಿನ ಆರ್‌ಎಕ್ಸ್-7 ಲ ಮಾನ್‌ನಲ್ಲಿ ಮತ್ತೆ ಓಡಿತು. 1995ರಲ್ಲಿ ಕುಡ್ಜು ಅನ್ನೋ ಅಮೆರಿಕದ ಕಾರು ಮಜ್ದಾ ರೋಟರಿ ಹಾಕಿಕೊಂಡು ಏಳನೇ ಸ್ಥಾನ ಪಡೆಯಿತು. ಬ್ಯಾನ್ ಆದ ಇಂಜಿನ್ ನಾಲ್ಕೇ ವರ್ಷದಲ್ಲಿ ಅದೇ ರೇಸಿನಲ್ಲಿ ಏಳನೆಯದಾಗಿ ಬರುತ್ತದಾ?

ಹೊಸ ಕಾರುಗಳತ್ತ ಎಲ್ಲರನ್ನೂ ತಳ್ಳಬೇಕು ಅಂತ ಹಳೆ ಕಾರುಗಳಿಗೆ ತೂಕದ ಶಿಕ್ಷೆ ಹಾಕಿದ್ದರು. ಜಾಗ್ವಾರ್, ಮರ್ಸಿಡಿಸ್ ಕಾರುಗಳು 1000 ಕಿಲೋಗಿಂತ ಹಗುರ ಇರುವಂತಿಲ್ಲ. ಇಲ್ಲಿ ಬರುತ್ತಾರೆ ತಾಕಾಯೋಶಿ ಓಹಾಶಿ. ಟೋಕಿಯೋದ ಒಬ್ಬ ಮಜ್ದಾ ಡೀಲರ್ ಹತ್ತಿರ ರೇಸಿಂಗ್ ವಿಭಾಗವಾಗಿ ಹುಟ್ಟಿ, ಆಮೇಲೆ ಮಜ್ದಾಸ್ಪೀಡ್ ಅಂತ ಕಂಪನಿಯಾಗಿ ಬೆಳೆದ ತಂಡದ ಮುಖ್ಯಸ್ಥ. ರೋಟರಿ ಕಾರುಗಳ ಮೇಲೂ ಅಷ್ಟೇ ಭಾರ ಹೊರಿಸುವುದು ನ್ಯಾಯವಲ್ಲ ಅಂತ ಅವರು ಅಧಿಕಾರಿಗಳ ಬೆನ್ನು ಬಿದ್ದರು. ಕೇಳಿ ಕೇಳಿ ಕೊನೆಗೆ 830 ಕಿಲೋಗೆ ಒಪ್ಪಿಸಿದರು. ಎದುರಾಳಿ ತಂಡಗಳು ದೊಡ್ಡ ಗಲಾಟೆಯನ್ನೇನೂ ಮಾಡಲಿಲ್ಲ. ಯಾಕೆ ಮಾಡಬೇಕು? ಏಳನೇ ಸ್ಥಾನಕ್ಕೆ ಬರುವವರು ತಾನೇ, ತಗೊಳ್ಳಲಿ ಬಿಡಿ.

170 ಕಿಲೋ! ಸುಮ್ನೆ ಯೋಚನೆ ಮಾಡಿ. ಎರಡು ಮೂರು ಜನ ದೊಡ್ಡವರನ್ನು ಹೆಗಲ ಮೇಲೆ ಕೂರಿಸಿಕೊಂಡು 24 ಗಂಟೆ ಓಡುವವನೊಬ್ಬ, ಕೈಬೀಸಿಕೊಂಡು ಓಡುವವನೊಬ್ಬ. ಭಾರದ ಕಾರಿಗೆ ಪ್ರತಿ ಸಲ ವೇಗ ಎತ್ತುವಾಗ ಪೆಟ್ರೋಲ್ ಜಾಸ್ತಿ ಬೇಕು, ಪ್ರತಿ ತಿರುವಿನಲ್ಲೂ ಬ್ರೇಕ್ ಜಾಸ್ತಿ ಸವೆಯುತ್ತದೆ, ಟೈರ್ ಬೇಗ ಸಾಯುತ್ತದೆ. ಪೆಟ್ರೋಲು ಇಡೀ ರೇಸಿಗೆ 2550 ಲೀಟರ್ ಅಂತ ಮೊದಲೇ ಕಟ್ಟಿಟ್ಟದ್ದು. ಜಾಗ್ವಾರ್‌ನ 7.4 ಲೀಟರಿನ ಇಂಜಿನ್ 1000 ಕಿಲೋ ಎಳೆದುಕೊಂಡು ಆ ಲೆಕ್ಕದೊಳಗೆ ಇರಬೇಕಾದರೆ ಡ್ರೈವರ್‌ಗಳು ಕಾಲು ಬಿಗಿ ಹಿಡಿದೇ ಓಡಿಸಬೇಕಿತ್ತು. ಟ್ರ್ಯಾಕಿನಲ್ಲಿ ಕಂಡ ಗೆಲುವಿನ ಅರ್ಧಪಾಲು ಓಹಾಶಿಯವರ ಆ ಕಾಗದಪತ್ರದಲ್ಲೇ ಇತ್ತು ಅಂತ ನನ್ನ ಅಭಿಪ್ರಾಯ. ರೇಸಿಂಗ್ ಬಗ್ಗೆ ಬರೆಯುವವರು ಇದನ್ನು ಯಾಕೋ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆಫೀಸಿನ ಮೇಜಿನ ಮೇಲೆ ಗೆದ್ದದ್ದು ಗೆಲುವಲ್ಲ ಅನ್ನೋ ಭಾವನೆ ಇರಬೇಕು.

ಹಾಗಂತ ಇಂಜಿನಿಯರ್‌ಗಳ ಪಾಲು ಕಮ್ಮಿಯೇನಲ್ಲ. ರೋಟರಿಗೆ ಹುಟ್ಟಿನಿಂದಲೇ ಇರುವ ಕೆಟ್ಟ ಹೆಸರು ಪೆಟ್ರೋಲ್ ಕುಡಿಯುವುದು. ಅದರ ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಕಿಡಿ ಹೊತ್ತಿದ ಕಡೆಯಿಂದ ಬೆಂಕಿ ಕೊನೆಯ ಮೂಲೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಒಂದಷ್ಟು ಪೆಟ್ರೋಲು ಉರಿಯದೇ ಹೊರಗೆ ಹೋಗುತ್ತದೆ. ಅದಕ್ಕೆ 787ಬಿಯ ಆರ್26ಬಿ ಇಂಜಿನ್ನಿನಲ್ಲಿ ರೋಟರಿಗೆ ಎರಡರ ಬದಲು ಮೂರು ಸ್ಪಾರ್ಕ್ ಪ್ಲಗ್ ಇಟ್ಟರು. ನಾಲ್ಕು ರೋಟರಿಗೆ ಹನ್ನೆರಡು. ಗಾಳಿ ಒಳಗೆ ಬರುವ ಕೊಳವೆಗಳನ್ನು ಇಂಜಿನ್ ವೇಗಕ್ಕೆ ತಕ್ಕ ಹಾಗೆ ತಾವೇ ಉದ್ದವಾಗುವ, ಗಿಡ್ಡವಾಗುವ ಹಾಗೆ ಮಾಡಿದರು. ಇಂಜಿನ್ ಬಿಚ್ಚಿಟ್ಟ ವಿಡಿಯೋಗಳಲ್ಲಿ ಇದನ್ನು ನೋಡಬೇಕು. ನಾಲ್ಕು ತುತ್ತೂರಿಗಳು ಒಟ್ಟಿಗೆ ಮೇಲೇಳುತ್ತವೆ, ಒಟ್ಟಿಗೆ ಕೂರುತ್ತವೆ. ಸೀಲುಗಳು ಈಗ ಸೆರಾಮಿಕ್. ಒಂದೊಂದು ರೋಟರ್ 654 ಸಿಸಿ, ಒಟ್ಟು 2616 ಸಿಸಿ. 9000 ಸುತ್ತಿನಲ್ಲಿ ಸುಮಾರು 700 ಕುದುರೆಶಕ್ತಿ. ಅದಕ್ಕಿಂತ ಜಾಸ್ತಿ ಎಳೆಯಬಹುದಿತ್ತು, ಬಾಳಿಕೆ ಬರಲಿ ಅಂತ ಅಲ್ಲಿಗೆ ನಿಲ್ಲಿಸಿದರು.

ಕಾರಿನ ಮೈ ಇಂಗ್ಲೆಂಡಿನ ನೈಜೆಲ್ ಸ್ಟ್ರೌಡ್ ಅವರ ವಿನ್ಯಾಸ, ಕಾರ್ಬನ್ ಮತ್ತು ಕೆವ್ಲಾರಿನದು. ಹಿಂದಿನ ವರ್ಷದ 787ಕ್ಕಿದ್ದ ಬ್ರೇಕ್ ತೆಗೆದು ಕಾರ್ಬನ್ ಬ್ರೇಕ್ ಹಾಕಿದರು. ರೇಸಿನ ದಿನದ ವ್ಯವಸ್ಥೆಗೆ ಫ್ರಾನ್ಸಿನ ಒರೆಕಾ ತಂಡದ ಜೊತೆ ಕೈಜೋಡಿಸಿದರು. ಸಲಹೆಗೆ ಜಾಕಿ ಇಕ್ಸ್ ಬಂದರು. ಲ ಮಾನ್ ಅನ್ನು ಆರು ಸಲ ಗೆದ್ದ ಮನುಷ್ಯ. ಅಂಥವರು ಪಿಟ್ಟಿನಲ್ಲಿ ನಿಂತು ‘ಈ ಸಲ ಹುಷಾರಾಗಿ ಓಡಿಸಬೇಡಿ, ಮೊದಲಿನಿಂದಲೇ ನುಗ್ಗಿ’ ಅನ್ನೋ ದಾರಿಗೆ ಒಪ್ಪಿದರೆ ಡ್ರೈವರ್‌ಗಳಿಗೆ ಬರುವ ಧೈರ್ಯವೇ ಬೇರೆ.

55ನೇ ನಂಬರಿನ ಕಾರಿಗೆ ಮೂವರು ಹುಡುಗರು. ಜರ್ಮನಿಯ ಫೋಲ್ಕರ್ ವೈಡ್ಲರ್, ಇಂಗ್ಲೆಂಡಿನ ಜಾನಿ ಹರ್ಬರ್ಟ್, ಬೆಲ್ಜಿಯಂ ಲೈಸೆನ್ಸಿನಲ್ಲಿ ಓಡುತ್ತಿದ್ದ ಬರ್ಟ್ರಾಂಡ್ ಗಾಶೋ. ಮೂವರೂ ಫಾರ್ಮುಲಾ ಒನ್ ಕಡೆ ಮುಖ ಮಾಡಿದವರು, ಮೂವರಿಗೂ ಚಿಕ್ಕ ರೇಸುಗಳ ಅವಸರದ ಓಟವೇ ಅಭ್ಯಾಸ. ಹರ್ಬರ್ಟ್ 1988ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಅಪಘಾತವಾಗಿ ಎರಡೂ ಪಾದ ಜಜ್ಜಿಹೋಗಿದ್ದವರು. ಮತ್ತೆ ನಡೆಯುವುದೇ ಕಷ್ಟ ಅನ್ನುವ ಸ್ಥಿತಿಯಿಂದ ಎದ್ದು ಬಂದು ಕಾರಿಗೆ ಹತ್ತಿದವರು.

ಕಾರಿನ ಬಣ್ಣ ಕಿತ್ತಳೆ ಮತ್ತು ಹಸಿರು. ಪ್ರಾಯೋಜಕರು ರೆನೌನ್ ಅನ್ನೋ ಜಪಾನಿನ ಬಟ್ಟೆ ಕಂಪನಿ, ಅವರ ಗಂಡಸರ ಬಟ್ಟೆಯ ಬ್ರ್ಯಾಂಡ್ ‘ಚಾರ್ಜ್’. ಸ್ವೆಟರ್ ಮೇಲೆ ಇರುವಂಥ ಚೌಕುಳಿಯನ್ನೇ ಕಾರಿನ ಮೇಲೆ ಬಿಡಿಸಿದ್ದಾರೆ. ಉಳಿದೆರಡು ಮಜ್ದಾಗಳು ಬಿಳಿ ನೀಲಿ. ಚಂದವೋ ಚಂದವಿಲ್ಲವೋ ಹೇಳೋದು ಕಷ್ಟ, ಆದರೆ ಒಂದು ಸಲ ನೋಡಿದರೆ ಮರೆಯೋದಿಲ್ಲ.

1991ರ ಜೂನ್ 22, ಶನಿವಾರ. ಮೊದಲ ಹತ್ತು ಜಾಗ ಹೊಸ 3.5 ಲೀಟರಿನ ಕಾರುಗಳಿಗೆ ಮೀಸಲು. ಅತಿ ವೇಗದ ಸಮಯ ಮಾಡಿದ ಮರ್ಸಿಡಿಸ್ಸೇ ಹನ್ನೊಂದನೆಯ ಜಾಗದಲ್ಲಿ ನಿಲ್ಲಬೇಕಾಯಿತು. ಮಜ್ದಾ 55 ನಿಂತದ್ದು 19ನೆಯ ಜಾಗದಲ್ಲಿ. ಮೀಸಲಿನ ಲಾಭ ಪಡೆದ ಪ್ಯೂಜೋಗಳು ಎಲ್ಲರಿಗಿಂತ ಮುಂದೆ ಹೊರಟು, ರಾತ್ರಿಯಾಗುವ ಮೊದಲೇ ಕೆಟ್ಟು ಮನೆ ಸೇರಿದವು. ಮರ್ಸಿಡಿಸ್ ಸಿ11ಗಳು ಮುನ್ನಡೆ ಹಿಡಿದವು.

ರಾತ್ರಿಯ ಹೊತ್ತು ದೊಡ್ಡ ಕಥೆಯೇನೂ ಇಲ್ಲ. ಅದೇ ದೊಡ್ಡ ವಿಷಯ. ಬೇರೆಯವರು ಪಿಟ್ಟಿಗೆ ಬಂದು ಬಾನೆಟ್ಟು ತೆಗೆಸಿಕೊಂಡು ನಿಲ್ಲುತ್ತಿದ್ದರೆ 55 ಪೆಟ್ರೋಲು, ಟೈರು, ಡ್ರೈವರ್ ಬದಲಾಯಿಸಿಕೊಂಡು ಹೋಗುತ್ತಲೇ ಇತ್ತು. ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಅದು ಜಾಗ್ವಾರ್‌ಗಳ ಜೊತೆಗಿತ್ತು, ಆಮೇಲೆ ಅವುಗಳ ಮುಂದೆ. ಜಾಗ್ವಾರ್‌ಗಳು ಪೆಟ್ರೋಲಿನ ಲೆಕ್ಕ ನೋಡಿಕೊಂಡು ಕೂತಿದ್ದವು, ಅಟ್ಟಿಸಿಕೊಂಡು ಹೋಗುವ ಹಾಗಿರಲಿಲ್ಲ. ಈಗ ಮುಂದಿದ್ದದ್ದು ಒಂದೇ ಮರ್ಸಿಡಿಸ್. ಶ್ಲೆಸರ್, ಮಾಸ್, ಅಲೆನ್ ಫೆರ್ತೆ ಓಡಿಸುತ್ತಿದ್ದ 1ನೇ ನಂಬರು. ಹಲವು ಲ್ಯಾಪ್ ಅಂತರದಲ್ಲಿ ಆರಾಮಾಗಿ ಹೋಗುತ್ತಿತ್ತು.

ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಆ ಮರ್ಸಿಡಿಸ್ ಬಿಸಿಯಾಗಿ ಪಿಟ್ಟಿಗೆ ಬಂತು. ಆಲ್ಟರ್ನೇಟರ್ ಹಿಡಿದಿಡುವ ಒಂದು ಲೋಹದ ಬ್ರ್ಯಾಕೆಟ್ ಮುರಿದಿತ್ತು. ಅದರಿಂದ ಬೆಲ್ಟ್ ಹೋಯಿತು, ಬೆಲ್ಟ್ ಹೋದದ್ದರಿಂದ ನೀರಿನ ಪಂಪ್ ನಿಂತಿತು, ನೀರು ತಿರುಗದೆ ಇಂಜಿನ್ ಬೆಂದಿತು. ಕೋಟಿಗಟ್ಟಲೆ ಖರ್ಚಿನ ಕಾರು, ಅಂಗೈಯಗಲದ ಭಾಗ. ಮೆಕ್ಯಾನಿಕ್‌ಗಳು ಹೆಣಗಾಡುತ್ತಿರುವಾಗಲೇ ಕಿತ್ತಳೆ ಹಸಿರು ಕಾರು ಕಿರುಚುತ್ತಾ ಮುಂದೆ ಹೋಯಿತು. ಇಲ್ಲಿ ನನಗೆ ಇನ್ನೊಂದು ವಿಷಯ ನೆನಪಾಗುತ್ತದೆ. 1969-70ರಲ್ಲಿ ಮರ್ಸಿಡಿಸ್‌ನವರೇ ಸಿ111 ಅನ್ನೋ ಪ್ರಯೋಗದ ಕಾರಿನಲ್ಲಿ ಮೊದಲು ಮೂರು, ಆಮೇಲೆ ನಾಲ್ಕು ರೋಟರಿನ ಇಂಜಿನ್ ಹಾಕಿ ನೋಡಿದ್ದರು. ಸಾಧ್ಯವಿಲ್ಲ ಅಂತ ಕೈಬಿಟ್ಟಿದ್ದರು.

ಇನ್ನು ಮೂರು ಗಂಟೆ ಬಾಕಿ. ಹರ್ಬರ್ಟ್ ಕಾರಿನಲ್ಲಿದ್ದರು. ಇಳಿಯುವ ಸರದಿ ಬಂದಾಗ ತಾನೇ ಮುಗಿಸುತ್ತೇನೆ ಅಂದರು. ತಂಡಕ್ಕೂ ಡ್ರೈವರ್ ಬದಲಾಯಿಸುವ ಗಡಿಬಿಡಿಯಲ್ಲಿ ಏನಾದರೂ ಎಡವಟ್ಟಾದರೆ ಅನ್ನೋ ಭಯ. ಹಾಗೇ ಬಿಟ್ಟರು. ಜೂನ್ ತಿಂಗಳು, ಮುಚ್ಚಿದ ಕಾರು, ಬೆನ್ನ ಹಿಂದೆಯೇ ಕೆಂಪಗೆ ಕಾದ ಇಂಜಿನ್. ಕುಡಿಯಲು ಸಾಕಷ್ಟು ನೀರಿಲ್ಲ. ನಾಲ್ಕು ಗಂಟೆಗೆ ಬಾವುಟ ಬಿತ್ತು. 362 ಲ್ಯಾಪ್, 4922.81 ಕಿಲೋಮೀಟರ್. ಪಿಟ್ಟಿನಲ್ಲಿ ನಿಂತದ್ದೂ ಸೇರಿ ಗಂಟೆಗೆ 205 ಕಿಲೋಮೀಟರ್ ಸರಾಸರಿ. ಎರಡು, ಮೂರು, ನಾಲ್ಕನೇ ಸ್ಥಾನ ಜಾಗ್ವಾರ್‌ಗಳಿಗೆ. ಕಾರು ನಿಲ್ಲಿಸಿ ಹೊರಗೆ ಬಂದ ಹರ್ಬರ್ಟ್‌ಗೆ ನಿಲ್ಲಲು ಆಗಲಿಲ್ಲ. ನೀರಿನಂಶ ಕಮ್ಮಿಯಾಗಿ ಕುಸಿದರು. ಅವರನ್ನು ಚಿಕಿತ್ಸೆಗೆ ಎತ್ತಿಕೊಂಡು ಹೋದರು. ವೇದಿಕೆಯ ಮೇಲೆ ವೈಡ್ಲರ್ ಮತ್ತು ಗಾಶೋ ಇಬ್ಬರೇ ಶಾಂಪೇನ್ ಚಿಮ್ಮಿಸಿದರು. ಇಪ್ಪತ್ತು ವರ್ಷದ ನಂತರ, 2011ರಲ್ಲಿ, ಅದೇ ಬಣ್ಣದ ಕಾರನ್ನು ಲ ಮಾನ್‌ಗೆ ತಂದು ಓಡಿಸಿದಾಗ ಹರ್ಬರ್ಟ್ ಕೊನೆಗೂ ಆ ವೇದಿಕೆ ಹತ್ತಿದರು.

ಉಳಿದ ಎರಡು ಮಜ್ದಾಗಳು ಆರನೆಯದು ಮತ್ತು ಎಂಟನೆಯದು. ಬಂದ ಮೂರೂ ಮುಟ್ಟಿದವು. ನನಗೆ ಗೆಲುವಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಒಂದು ಕಾರು ಗೆದ್ದರೆ ಅದೃಷ್ಟ ಅನ್ನಬಹುದು, ಬ್ರ್ಯಾಕೆಟ್ ಮುರಿದದ್ದರಿಂದ ಗೆದ್ದರು ಅನ್ನಬಹುದು. ಹನ್ನೆರಡು ರೋಟರ್‌ಗಳು ಒಟ್ಟು 72 ಗಂಟೆ ತಿರುಗಿ ಒಂದೂ ಕೈಕೊಡಲಿಲ್ಲ ಅಂದರೆ ಅದಕ್ಕೆ ಏನನ್ನಬೇಕು? ರೇಸ್ ಮುಗಿದ ಮೇಲೆ ಮಜ್ದಾದವರು ಗೆದ್ದ ಇಂಜಿನ್ನನ್ನು ಬಿಚ್ಚಿ ತೋರಿಸಿದರು. ಒಳಗೆ ಹೇಳಿಕೊಳ್ಳುವಂಥ ಸವೆತವೇ ಇರಲಿಲ್ಲ. ದೆವ್ವದ ಉಗುರಿನಿಂದ ಶುರುವಾದ ಕೆಲಸ ಅಲ್ಲಿಗೆ ಮುಗಿಯಿತು ಅನ್ನಬಹುದು.

ಆ ಎಂಟನೇ ಸ್ಥಾನದ 56ನೇ ನಂಬರಿನಲ್ಲಿ ಟೆರಾದಾ ಇದ್ದರು. 1974ರ ಆ ಪಟ್ಟಿಗೆ ಸೇರದ ಕಾರಿನಿಂದ ಹಿಡಿದು ಮಜ್ದಾದ ಎಲ್ಲ ಸೋಲುಗಳಲ್ಲೂ ಪಾಲು ತಗೊಂಡವರು. ಹೊಸ 787ಬಿ ಅವರ ಕೈಗೆ ಸಿಗಲಿಲ್ಲ, ಹಿಂದಿನ ವರ್ಷದ 787 ಸಿಕ್ಕಿತು. ಅವರು ಒಟ್ಟು 29 ಸಲ ಲ ಮಾನ್‌ನಲ್ಲಿ ಓಡಿಸಿದ್ದಾರೆ. ಮೇಲೆ ಹೇಳಿದೆನಲ್ಲ, 1995ರಲ್ಲಿ ಏಳನೆಯದಾಗಿ ಬಂದ ಕುಡ್ಜು, ಅದರಲ್ಲೂ ಅವರೇ. ಪೂರ್ತಿ ರೇಸನ್ನು ಒಮ್ಮೆಯೂ ಗೆಲ್ಲಲಿಲ್ಲ.

ಗೆದ್ದ ಮೂವರಿಗೂ ಮುಂದೆ ಏನಾಯಿತು ಅನ್ನೋದೇ ಒಂದು ಬೇರೆ ಬರಹ ಆದೀತು. ಗಾಶೋ ಅದಕ್ಕೂ ಮೊದಲು ಲಂಡನ್ನಿನಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಜೊತೆ ಜಗಳವಾಡಿ ಅವನ ಮುಖಕ್ಕೆ ಕಣ್ಣುರಿಸುವ ಸಿಎಸ್ ಅನಿಲ ಸಿಂಪಡಿಸಿದ್ದರು. ಗೆದ್ದ ಎರಡೇ ತಿಂಗಳಿಗೆ, ಆಗಸ್ಟಿನಲ್ಲಿ, ಆ ಕೇಸಿನಲ್ಲಿ ಜೈಲಿಗೆ ಹೋದರು. ಜೋರ್ಡನ್ ಫಾರ್ಮುಲಾ ಒನ್ ತಂಡದಲ್ಲಿ ಅವರ ಸೀಟು ಖಾಲಿಯಾಯಿತು. ಬೆಲ್ಜಿಯಂ ರೇಸಿಗೆ ಆ ಸೀಟಿನಲ್ಲಿ ಕೂತ ಹೊಸ ಹುಡುಗ ಮೈಕೆಲ್ ಶೂಮಾಕರ್. ಅದೇ ಜೂನಿನಲ್ಲಿ ಲ ಮಾನ್‌ನಲ್ಲಿ ಮರ್ಸಿಡಿಸ್ ಓಡಿಸಿ ಐದನೆಯವನಾಗಿ ಬಂದು, ರೇಸಿನ ಅತಿ ವೇಗದ ಲ್ಯಾಪ್ ಮಾಡಿದ್ದ ಹುಡುಗ. ವೈಡ್ಲರ್‌ಗೆ ಕಿವಿಯ ತೊಂದರೆ ಶುರುವಾಗಿ 1992ರಲ್ಲೇ ರೇಸಿಂಗ್ ಬಿಡಬೇಕಾಯಿತು.

ಕಾರಿನ ವಿಷಯ ಹೇಳುವುದಾದರೆ, 1991ರ ಆ ಚಾಂಪಿಯನ್‌ಶಿಪ್‌ನ ಬೇರೆ ಯಾವ ರೇಸನ್ನೂ 787ಬಿ ಗೆಲ್ಲಲಿಲ್ಲ. ಚಿಕ್ಕ ಓಟಗಳಲ್ಲಿ ಹೊಸ 3.5 ಲೀಟರಿನ ಕಾರುಗಳ ವೇಗಕ್ಕೆ ಇದು ಸಾಟಿಯೇ ಅಲ್ಲ. ವಿಡಿಯೋ ಗೇಮಿನಲ್ಲಿ ಇದನ್ನು ಓಡಿಸಿ ಬೆಳೆದವರಿಗೆ ಇದು ಆಶ್ಚರ್ಯ ಅನ್ನಿಸಬಹುದು. ಮರುವರ್ಷ ಮಜ್ದಾ ಜಾಗ್ವಾರ್ ವಿನ್ಯಾಸದ ಮೈಗೆ ಜಡ್ ಕಂಪನಿಯ ವಿ10 ಇಂಜಿನ್ ಹಾಕಿದ ಕಾರು ತಂದು ಲ ಮಾನ್‌ನಲ್ಲಿ ನಾಲ್ಕನೆಯದಾಯಿತು. ಅದರಲ್ಲಿ ಮಜ್ದಾದ್ದು ಅಂತ ಇದ್ದದ್ದು ಹೆಸರು, ಬಣ್ಣ ಅಷ್ಟೇ. ಜಪಾನಿನಲ್ಲಿ ದುಡ್ಡಿನ ಗುಳ್ಳೆ ಒಡೆದಿತ್ತು. ಆ ವರ್ಷದ ಕೊನೆಗೆ ಕಂಪನಿ ಹಿಂದೆ ಸರಿಯಿತು. ಇನ್ನೊಂದು ಜಪಾನೀ ಕಂಪನಿ ಲ ಮಾನ್ ಗೆಲ್ಲಲು 2018ರವರೆಗೆ ಕಾಯಬೇಕಾಯಿತು. ಅದು ಟೊಯೋಟಾ. ಪಿಸ್ಟನ್ ಇಲ್ಲದ ಇಂಜಿನ್ ಗೆದ್ದದ್ದು ಮಾತ್ರ ಇವತ್ತಿಗೂ ಅದೊಂದೇ ಸಲ. ಗೆದ್ದ ಕಾರು ಹಿರೋಶಿಮಾದ ಮಜ್ದಾ ಮ್ಯೂಸಿಯಂನಲ್ಲಿದೆ.

ನಮ್ಮ ಕಡೆ ಮಜ್ದಾ ಅಂದರೆ ಯಾರಿಗೂ ಇದೆಲ್ಲ ನೆನಪಾಗುವುದಿಲ್ಲ. ನಮಗೆ ಗೊತ್ತಿರುವುದು ಸ್ವರಾಜ್ ಮಜ್ದಾ. ಸ್ಕೂಲು ಮಕ್ಕಳನ್ನೋ ಮದುವೆ ದಿಬ್ಬಣವನ್ನೋ ತುಂಬಿಕೊಂಡು ಹೋಗುವ ಡೀಸೆಲ್ ಮಿನಿ ಬಸ್ಸು. ಆ ಹೆಸರಿನ ಹಿಂದೆ ಇಂಥದ್ದೊಂದು ಇಂಜಿನ್ ಇತ್ತು ಅಂದರೆ ಬಸ್ಸಿನ ಡ್ರೈವರ್ ಅಣ್ಣ ನಗುತ್ತಾನೆ.

ಆದರೆ ರೋಟರಿ ಇಂಜಿನ್ ನಮ್ಮ ಊರಿಗೆ ಬಾರದೇ ಇಲ್ಲ. ಸೇನೆಗೆ ಬೇಕಾದ ನಿಶಾಂತ್ ಅನ್ನೋ ಪೈಲಟ್ ಇಲ್ಲದ ವಿಮಾನಕ್ಕೆ ಹೊರದೇಶದ ಇಂಜಿನ್ ತರಿಸುತ್ತಿದ್ದರು. ಅದರ ಬದಲು ಇಲ್ಲೇ ಮಾಡೋಣ ಅಂತ ಬೆಂಗಳೂರಿನ ಎನ್‌ಎಎಲ್, ಎಡಿಇ ಮತ್ತು ಅಹಮದ್‌ನಗರದ ವಿಆರ್‌ಡಿಇ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆಗಳು ಸೇರಿ 55 ಕುದುರೆಶಕ್ತಿಯ ವಾಂಕೆಲ್ ಇಂಜಿನ್ ಮಾಡಿದರು. ಅಷ್ಟು ಶಕ್ತಿ ಬೇಕು, ತೂಕ ಮಾತ್ರ ಇರಬಾರದು ಅಂದಾಗ ಅವರಿಗೂ ಹೊಳೆದದ್ದು ಅದೇ ಮುಕ್ಕೋನ. 2009ರ ಏಪ್ರಿಲ್‌ನಲ್ಲಿ ಕೋಲಾರದ ಹತ್ತಿರದ ಒಂದು ಹಳ್ಳಿಯ ಬಯಲಿನಿಂದ ನಿಶಾಂತ್ ಆ ಇಂಜಿನ್ ಹಾಕಿಕೊಂಡು ಮೊದಲ ಸಲ ಹಾರಿತು. ಸದ್ದು ಹೇಗಿತ್ತು ಅಂತ ಆ ಹಳ್ಳಿಯವರನ್ನೇ ಕೇಳಬೇಕು. ಆ ಕಡೆಯವರು ಯಾರಾದರೂ ಇದನ್ನು ಓದಿದರೆ ನನಗೆ ಖಂಡಿತ ಬರೆದು ತಿಳಿಸಿ.